ಕೇಳುವುದರಲ್ಲಿ ಎರಡು ಬಗೆ

ಕನ್ನಡದಲ್ಲಿ ‘ಕೇಳು’ ಎಂಬ ಒಂದೇ ಕ್ರಿಯಾಪದಕ್ಕೆ ಎರಡು ಅರ್ಥಗಳುಂಟು. ಕಿವಿಗೊಟ್ಟು ಆಲಿಸುವುದೂ ಕೇಳುವುದೇ, ಬಾಯಿ ತೆರೆದು ಪ್ರಶ್ನಿಸುವುದೂ ಕೇಳುವುದೇ. ಪುರಾಣ ಕೇಳಲು ಹೋದ ಮುದುಕಿ ನಡುವೆ ಶಾಸ್ತ್ರಿಗಳನ್ನು ತಡೆದು ಒಂದು ಸಂದೇಹವನ್ನು ಕೇಳಿಯೇ ಬರುತ್ತಾಳೆ. ಆಕೆ ಮಾಡಿದ ಎರಡು ಕೆಲಸಗಳಿಗೂ ನಮ್ಮಲ್ಲಿ ಇರುವ ಮಾತು ಒಂದೇ. ಆಲಿಸಿದವನಿಗೆ ಪ್ರಶ್ನಿಸುವ ಅಧಿಕಾರವೂ ಇದೆಯೆಂಬ ವಿವೇಕ ಈ ಪದದೊಳಗೇ ಅಡಗಿದೆಯೆಂದು ನಮಗೆ ತೋರುತ್ತದೆ. ಆದವಾನಿ ಸೀಮೆಯ ಕನ್ನಡಿಗರಾದ ನಮಗೆ ರೇಡಿಯೋ ಕರುಣಿಸಿದ್ದು ಈ ಪದದ ಪೂರ್ವಾರ್ಧವನ್ನು. ಉತ್ತರಾರ್ಧಕ್ಕಾಗಿ ನಾವು ಕಾದೇ ಇದ್ದೇವೆ. ಆ ವಿಚಾರವಾಗಿ ನಾಲ್ಕು ಮಾತು ಹೇಳುವುದೇ ಈ ಲೇಖನದ ಉದ್ದೇಶ.

ನಮ್ಮ ಸೀಮೆಯ ಪರಿಚಯವಿಲ್ಲದ ವಾಚಕರಿಗಾಗಿ ಹಿಂದಿನ ಸಂಗತಿಯನ್ನು ಸಂಕ್ಷೇಪವಾಗಿ ಹೇಳಬೇಕು. ಆದವಾನಿ, ಆಲೂರು, ರಾಯದುರ್ಗ ಈ ಮೂರು ತಾಲ್ಲೂಕುಗಳು ಮದರಾಸು ಆಧಿಪತ್ಯದ ಬಳ್ಳಾರಿ ಜಿಲ್ಲೆಗೆ ಸೇರಿದ್ದವು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯವು ಉದಯಿಸಿದಾಗ ಈ ಮೂರೂ ಆಂಧ್ರಕ್ಕೆ ಹೋದವು. ಬಳ್ಳಾರಿ, ಹೊಸಪೇಟೆ, ಸಿರುಗುಪ್ಪ ಮೊದಲಾದ ಉಳಿದ ತಾಲ್ಲೂಕುಗಳು ಮೈಸೂರು ರಾಜ್ಯಕ್ಕೆ ಬಂದವು. ರಾಯದುರ್ಗ ಅನಂತಪುರ ಜಿಲ್ಲೆಯ ಪಾಲಾಯಿತು, ಆದವಾನಿ ಆಲೂರುಗಳು ಕರ್ನೂಲು ಜಿಲ್ಲೆಯ ಪಾಲಾದವು. 2022ರಲ್ಲಿ ಆ ಜಿಲ್ಲೆಯ ಪೂರ್ವಭಾಗ ನಂದ್ಯಾಲ ಜಿಲ್ಲೆಯಾಗಿ ಬೇರ್ಪಟ್ಟಾಗಲೂ ಪಶ್ಚಿಮದವರಾದ ನಾವು ಕರ್ನೂಲಿನಲ್ಲೇ ಉಳಿದೆವು. ಕೌತಾಳ, ಕೋಸಿಗಿ, ಹೊಳಗುಂದ, ಹಾಲಹರವಿ, ಮಂತ್ರಾಲಯ ಈ ಮಂಡಲಗಳ ಹಳ್ಳಿಗಳಲ್ಲಿ ಮನೆಮಾತು ಕನ್ನಡವಾಗಿರುವ ಕುಟುಂಬಗಳು ಇಂದಿಗೂ ಬಹಳ. ಕನ್ನಡ ಮಾಧ್ಯಮದ ಶಾಲೆಗಳೂ ಕಷ್ಟದಿಂದ ಉಳಿದುಕೊಂಡು ಬಂದಿವೆ. ಶ್ರಾವಣಮಾಸದಲ್ಲಿ ಉರುಕುಂದದ ಈರಣ್ಣಸ್ವಾಮಿಯ ಸನ್ನಿಧಿಯಲ್ಲಿ ನಿಂತು ಕಿವಿಗೊಟ್ಟರೆ ಇದು ಯಾವ ರಾಜ್ಯವೆಂದು ಹೊಸಬರಿಗೆ ಹೊಳೆಯಲಾರದು.

ಇಷ್ಟೆಂದ ಮಾತ್ರಕ್ಕೆ ನಮಗೂ ತೆಲುಗಿಗೂ ವೈರವೆಂದು ಯಾರೂ ತಿಳಿಯಬಾರದು. ನಮ್ಮಲ್ಲಿ ಬಹು ಮಂದಿ ಎರಡು ನಾಲಿಗೆಯವರು. ಹೊಲದಲ್ಲಿ ಒಂದು, ಸಂತೆಯಲ್ಲಿ ಮತ್ತೊಂದು; ಕೆಲವೊಮ್ಮೆ ಒಂದೇ ವಾಕ್ಯದ ತಲೆ ಕನ್ನಡವಾಗಿ ಬಾಲ ತೆಲುಗಾಗಿರುತ್ತದೆ. ಆದರೆ ಅಂಗಡಿಯಲ್ಲಿ ಉಪ್ಪು ಕೊಳ್ಳುವಷ್ಟು ತೆಲುಗು ಬಲ್ಲ ಹೆಂಗಸಿಗೆ ಔಷಧದ ಪ್ರಮಾಣವನ್ನೋ ಬೆಳೆವಿಮೆಯ ಷರತ್ತನ್ನೋ ಆ ಭಾಷೆಯಲ್ಲಿ ವಿವರಿಸಿದರೆ ಆಕೆ ತಲೆಯಾಡಿಸುತ್ತಾಳೆಯೇ ಹೊರತು ತಿಳಿದುಕೊಳ್ಳುವುದಿಲ್ಲ. ಬಾಯಿಗೆ ಬರುವ ಭಾಷೆಯೆಲ್ಲ ಬುದ್ಧಿಗೆ ನಿಲುಕುವ ಭಾಷೆಯಲ್ಲ.

ನಮ್ಮ ಹಳ್ಳಿಗೆ ರೇಡಿಯೋ ಬಂದದ್ದು ಅರವತ್ತರ ದಶಕದಲ್ಲಿ. ಮೊದಲು ಬಂದದ್ದು ಪಂಚಾಯತಿಯ ಪೆಟ್ಟಿಗೆ. ಚಾವಡಿಯ ಒಳಗೆ ಬೀಗ ಹಾಕಿದ ಗೂಡಿನಲ್ಲಿ ಅದರ ವಾಸ, ಹೊರಗೆ ಬೇವಿನ ಮರದಲ್ಲಿ ಅದರ ಕಹಳೆ. ಆ ಮೇಲೆ ಅನುಕೂಲಸ್ಥರ ಮನೆಗಳಲ್ಲಿ ಮಾಳಿಗೆಯ ಈ ತುದಿಯಿಂದ ಆ ತುದಿಗೆ ತಾಮ್ರದ ಜಾಲರಿಪಟ್ಟಿಯನ್ನು ಬಿಗಿದು, ಬ್ಯಾಟರಿ ಕಟ್ಟಿ ನುಡಿಸುವ ದೊಡ್ಡ ಸೆಟ್ಟುಗಳು ಬಂದವು. ಪ್ರತಿ ವರ್ಷ ಅಂಚೆಕಚೇರಿಗೆ ಹೋಗಿ ಲೈಸೆನ್ಸಿನ ಹಣ ಕಟ್ಟುವುದು ಆಗಿನ ಕಟ್ಟಳೆ. ನಮ್ಮ ದೊಡ್ಡಪ್ಪನವರ ಮನೆಯ ಸೆಟ್ಟಿಗೆ ಅವರ ಹಿರಿಯ ಸೊಸೆ ಕಸೂತಿಯ ಹೊದಿಕೆಯೊಂದನ್ನು ಹಾಕಿದ್ದರು. ಸಂಜೆ ಹೊದಿಕೆ ಸರಿಸುವ ಹೊತ್ತಿಗೆ ಪಡಸಾಲೆ ತುಂಬಿರುತ್ತಿತ್ತು. ಹತ್ತಿ ಬಿಡಿಸಿ ಬಂದ ಹೆಂಗಸರು ಬಾಗಿಲ ಹೊರಗೆ ಕಟ್ಟೆಯ ಮೇಲೆ ಕೂರುತ್ತಿದ್ದರು. ತಾತನವರಿಗೆ ಆ ಪೆಟ್ಟಿಗೆಯ ಮೇಲೆ ಅಷ್ಟು ಗೌರವವಿರಲಿಲ್ಲ. “ಇದು ಹೇಳಿದ್ದನ್ನ ನಾವು ಕೇಳಬೇಕು, ನಾವು ಕೇಳಿದ್ದಕ್ಕ ಇದು ಹೇಳಂಗಿಲ್ಲ. ಇದೆಂಥಾ ಮಾತುಕತಿ?” ಎಂದು ಅವರು ಒಂದು ದಿನ ಅಂದರು. ಎಲ್ಲರೂ ನಕ್ಕರು. ಆ ಮಾತಿನ ತೂಕ ನಮಗೆ ತಿಳಿದದ್ದು ಬಹಳ ವರ್ಷಗಳ ತರುವಾಯ.

‘ಆಕಾಶವಾಣಿ’ ಎಂಬ ಹೆಸರಿನಲ್ಲಿಯೂ ಈ ಗುಣವಿದೆ. 1935ರ ಸೆಪ್ಟೆಂಬರಿನಲ್ಲಿ ಮೈಸೂರಿನ ಮಹಾರಾಜಾ ಕಾಲೇಜಿನ ಮನಃಶಾಸ್ತ್ರದ ಅಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ಪುಟ್ಟದೊಂದು ಪ್ರಸಾರಯಂತ್ರವನ್ನಿಟ್ಟು ನಡೆಸಿದ ಕೇಂದ್ರಕ್ಕೆ ಈ ಹೆಸರಿತ್ತು. ತರುವಾಯ ಅದನ್ನು ಇಡೀ ದೇಶದ ರೇಡಿಯೋ ತನ್ನದಾಗಿಸಿಕೊಂಡಿತು. ಕನ್ನಡ ನೆಲದಿಂದ ಹೊರಟ ಹೆಸರೆಂದು ನಾವು ಹೆಮ್ಮೆಪಡುವುದು ಸಹಜ. ಆದರೆ ಭಾಗವತದಲ್ಲಿ ಆ ವಾಣಿಯ ಸ್ವಭಾವವನ್ನು ನೆನೆಯಿರಿ. ತಂಗಿಯ ಮದುವೆಯ ರಥವನ್ನು ತಾನೇ ನಡೆಸುತ್ತಿದ್ದ ಕಂಸನಿಗೆ ಅಶರೀರವಾಣಿ ಕೇಳಿಸಿತು. ಎಂಟನೆಯ ಶಿಶುವಿನಿಂದ ನಿನಗೆ ಮರಣವೆಂದಿತು, ಅಷ್ಟೆ. ಕಂಸನು ಮರುಪ್ರಶ್ನೆ ಮಾಡುವಂತಿರಲಿಲ್ಲ. ಮೇಲಿನಿಂದ ಬರುವ ಮಾತಿಗೆ ಶರೀರವೂ ಇಲ್ಲ, ಕಿವಿಯೂ ಇಲ್ಲ.

ಅಂಥ ವಾಣಿ ನಮ್ಮ ಊರುಗಳಿಗೆ ಎಲ್ಲಿಂದ ಬರುತ್ತಿತ್ತು ಎಂಬುದನ್ನು ಈಗ ನೋಡೋಣ. ಧಾರವಾಡದ ಕೇಂದ್ರ ಆರಂಭವಾದದ್ದು 1950ರ ಜನವರಿ 8ರಂದು. ಮೈಸೂರಿನ ಕೇಂದ್ರ 1955ರ ನವೆಂಬರಿನಲ್ಲಿ ಬೆಂಗಳೂರಿಗೆ ಸ್ಥಳಾಂತರವಾಯಿತು. ಗುಲಬರ್ಗಾ ಕೇಂದ್ರ 1966ರಲ್ಲಿ ಬಂತು. ತೆಲುಗಿಗೆ ಹೈದರಾಬಾದು, ವಿಜಯವಾಡ, 1963ರಿಂದ ಕಡಪ. ಆದವಾನಿಯಿಂದ ನೇರ ಅಳೆದರೆ ಧಾರವಾಡ ಸುಮಾರು 245 ಕಿಲೋಮೀಟರು, ಕಡಪ ಸುಮಾರು 210. ಮಧ್ಯಮ ತರಂಗವು ಹಗಲಿನಲ್ಲಿ ನೆಲವನ್ನು ಅಪ್ಪಿಕೊಂಡು ಸಾಗುತ್ತದೆ. ದೂರ ಹೆಚ್ಚಿದಂತೆ ಬಳಲುತ್ತದೆ. ಸೂರ್ಯ ಮುಳುಗಿದ ಮೇಲೆ ಅದೇ ತರಂಗ ಮೇಲಣ ವಾಯುಮಂಡಲದ ಅಯಾನುಗಳ ಪದರಕ್ಕೆ ತಾಗಿ ಮರಳಿ ಬಹುದೂರಕ್ಕೆ ಇಳಿಯುತ್ತದೆ. ಹೀಗಾಗಿ ಮಧ್ಯಾಹ್ನದಲ್ಲಿ ಕೆಮ್ಮಿ ಕೆಮ್ಮಿ ಮಾತನಾಡುತ್ತಿದ್ದ ಧಾರವಾಡ ರಾತ್ರಿ ಊಟದ ಹೊತ್ತಿಗೆ ಪಕ್ಕದ ಮನೆಯಷ್ಟು ಹತ್ತಿರವಾಗುತ್ತಿತ್ತು. ನಮ್ಮ ಊರಿನವರು ಬೇಂದ್ರೆಯವರ ಹೆಸರನ್ನೂ ಮಲ್ಲಿಕಾರ್ಜುನ ಮನ್ಸೂರರ ಕಂಠವನ್ನೂ ಅರಿತದ್ದು ಪುಸ್ತಕದಿಂದಲ್ಲ, ಸಭೆಯಿಂದಲ್ಲ, ಇಂಥ ರಾತ್ರಿಗಳಿಂದ. ಅಕ್ಷರ ಬಾರದ ನಮ್ಮ ಅತ್ತೆಯವರು ವಾರ್ತೆಯ ಕನ್ನಡವನ್ನು ಕೇಳಿ ಕೇಳಿ ‘ಅಧಿವೇಶನ’, ‘ಮುಂಗಡಪತ್ರ’ ಎಂಬ ಮಾತುಗಳನ್ನು ಸಲೀಸಾಗಿ ಆಡುತ್ತಿದ್ದರು. ಶಾಲೆ ಮಾಡಲಾರದ ಕೆಲಸವನ್ನು ರೇಡಿಯೋ ಮಾಡಿತು. ಗಡಿ ಹಾಕಿದ ಮೇಲೂ ನಮ್ಮ ಕನ್ನಡ ಬಾಡದೆ ಉಳಿದದ್ದಕ್ಕೆ ಅದಕ್ಕೊಂದು ನಮಸ್ಕಾರ ಸಲ್ಲಲೇಬೇಕು.

ಆದರೆ ಋಣವನ್ನು ಹೇಳಿಕೊಂಡವರು ಕೊರತೆಯನ್ನೂ ಹೇಳಬೇಕಾಗುತ್ತದೆ. ಕನ್ನಡದಲ್ಲಿ ಹವಾಮಾನ ವರದಿ ಬರುತ್ತದೆ. ಬಳ್ಳಾರಿ, ರಾಯಚೂರು ಜಿಲ್ಲೆಗಳ ಮಳೆಯ ಸುದ್ದಿ ಅದರಲ್ಲಿರುತ್ತದೆ. ಆದವಾನಿಗೆ ಆ ಎರಡು ಊರುಗಳೂ ನೇರ ಅಳತೆಯಲ್ಲಿ ಸುಮಾರು 65 ಕಿಲೋಮೀಟರು. ಕರ್ನೂಲು 80ಕ್ಕಿಂತ ಹೆಚ್ಚು. ಆದುದರಿಂದ ನಾವು ರಾಯಚೂರಿನ ಮೋಡವನ್ನೇ ನಮ್ಮ ಮೋಡವೆಂದು ಅಂದಾಜು ಮಾಡಿ ಶೇಂಗಾ ಬಿತ್ತುತ್ತೇವೆ. ಇಷ್ಟರ ಮಟ್ಟಿಗೆ ತೊಂದರೆಯಿಲ್ಲ, ಮೋಡಕ್ಕೆ ತಾಲ್ಲೂಕಿನ ಪರಿವೆಯಿಲ್ಲ. ಆದರೆ ಸರಕಾರದ ಯೋಜನೆಗಳು ಮೋಡಗಳಲ್ಲ. ಬೀಜದ ರಿಯಾಯಿತಿ, ಬೆಳೆವಿಮೆಯ ಕಡೆಯ ದಿನ, ವಿದ್ಯಾರ್ಥಿವೇತನ, ಪಡಿತರದ ನಿಯಮ, ಪರೀಕ್ಷೆಯ ವೇಳಾಪಟ್ಟಿ—ಇವುಗಳನ್ನು ಕನ್ನಡದಲ್ಲಿ ನಾವು ಸ್ಪಷ್ಟವಾಗಿ ಕೇಳುತ್ತೇವೆ. ಅವು ಗಡಿಯಾಚೆಯವರಿಗೆ ಸಲ್ಲುತ್ತವೆ. ನಮಗೆ ಸಲ್ಲುವ ಆಜ್ಞೆಗಳು ತೆಲುಗಿನಲ್ಲಿ ಬರುತ್ತವೆ. ಅವು ನಮ್ಮ ಮುದುಕರಿಗೂ ಹೆಂಗಸರಿಗೂ ಅರೆಬರೆಯಾಗಿ ತಿಳಿಯುತ್ತವೆ. ತಿಳಿಯುವ ಮಾತು ನಮಗೆ ಅನ್ವಯಿಸುವುದಿಲ್ಲ, ಅನ್ವಯಿಸುವ ಮಾತು ನಮಗೆ ತಿಳಿಯುವುದಿಲ್ಲ. ಗಡಿನಾಡಿನ ಬದುಕಿನ ಕಷ್ಟವನ್ನೆಲ್ಲ ಈ ಒಂದು ವಾಕ್ಯಕ್ಕೆ ಇಳಿಸಬಹುದು.

ಒಂದು ನಿದರ್ಶನ ಕೊಡುತ್ತೇವೆ. ಎಫ್. ಎಂ. ಕೇಂದ್ರಗಳು ಬಂದ ಮೇಲೆ ಕೇಳುಗರು ದೂರವಾಣಿಯ ಮೂಲಕ ನೇರವಾಗಿ ಪ್ರಶ್ನೆ ಕೇಳುವ ಕಾರ್ಯಕ್ರಮಗಳು ಆರಂಭವಾದವು. ತಾತನವರ ಆಕ್ಷೇಪಣೆಗೆ ಸಮಾಧಾನ ದೊರೆಯಿತೆಂದೇ ನಾವು ತಿಳಿದೆವು. ಹೊಳಗುಂದದ ಕಡೆಯ ನಮ್ಮ ಬಂಧುವೊಬ್ಬರು ಹತ್ತಿಗೆ ಬಿದ್ದ ಗುಲಾಬಿ ಕಾಯಿಕೊರಕದ ಬಗ್ಗೆ ಗಡಿಯಾಚೆಯ ಕೇಂದ್ರವೊಂದಕ್ಕೆ ಫೋನು ಮಾಡಿದರು. ತಜ್ಞರು ಸಾವಧಾನವಾಗಿ ಕೇಳಿ, ಒಳ್ಳೆಯ ಕನ್ನಡದಲ್ಲಿ ಉಪಾಯ ಹೇಳಿ, ಕೊನೆಗೆ “ಹೆಚ್ಚಿನ ಮಾಹಿತಿಗೆ ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ಹೋಗಿರಿ” ಎಂದರು. ನಮ್ಮಲ್ಲಿ ಹೋಬಳಿಯೂ ಇಲ್ಲ, ರೈತ ಸಂಪರ್ಕ ಕೇಂದ್ರವೂ ಇಲ್ಲ, ನಮ್ಮದು ಮಂಡಲ. 2020ರಲ್ಲಿ ಆರಂಭವಾದ ರೈತು ಭರೋಸಾ ಕೇಂದ್ರ ನಮ್ಮದು, ಅದರ ಹೆಸರು ಈಗ ರೈತು ಸೇವಾ ಕೇಂದ್ರವಾಗಿದೆ. ತಜ್ಞರ ಮೇಲೆ ತಪ್ಪು ಹೊರಿಸುವಂತಿಲ್ಲ, ಅವರು ತಮ್ಮ ಜಿಲ್ಲೆಗೆ ಹೇಳಬೇಕಾದದ್ದನ್ನು ಹೇಳಿದರು. ನಮ್ಮ ಬಂಧು ಫೋನಿಟ್ಟು, “ಭಾಳ ಛಲೋ ಹೇಳಿದರು, ಆದ್ರ ನನಗಲ್ಲ” ಎಂದರು.

ಹತ್ತಿಯ ಹುಳಕ್ಕೆ ಮರುವರ್ಷವಾದರೂ ಮದ್ದಿದೆ. ನೀರಿನ ವಿಷಯ ಹಾಗಲ್ಲ. 2009ರ ಅಕ್ಟೋಬರಿನ ಮೊದಲ ದಿನಗಳಲ್ಲಿ ತುಂಗಭದ್ರೆ ಎಂದೂ ಕಾಣದಂತೆ ಉಕ್ಕಿತು. ಮಂತ್ರಾಲಯದ ಮಠಕ್ಕೆ ನೀರು ನುಗ್ಗಿತು, ಕರ್ನೂಲು ಪಟ್ಟಣವೇ ಮುಳುಗಿತು. ಹೊಳೆಯ ಬಡಗಣ ದಡ ರಾಯಚೂರು ಜಿಲ್ಲೆ, ತೆಂಕಣ ದಡ ನಮ್ಮದು. ಕರೆಂಟು ಹೋದ ಆ ರಾತ್ರಿಗಳಲ್ಲಿ ಬ್ಯಾಟರಿಯ ರೇಡಿಯೋ ಹಿಡಿದು ಕುಳಿತ ನಾವು ಒಂದು ಕೇಂದ್ರದಿಂದ ಇನ್ನೊಂದಕ್ಕೆ ಮುಳ್ಳು ತಿರುಗಿಸುತ್ತಲೇ ಇದ್ದೆವು. ಕನ್ನಡದಲ್ಲಿ ಆಚೆ ದಡದ ಹಳ್ಳಿಗಳ ಹೆಸರು ಬಂದವು. ತೆಲುಗಿನಲ್ಲಿ ಕರ್ನೂಲು ನಗರದ ಸುದ್ದಿ ಬಂತು. ನಡುವೆ ಇದ್ದ ನಮ್ಮ ನೆಂಟರ ಊರಿನ ಹೆಸರು ಯಾವ ಭಾಷೆಯಲ್ಲಿಯೂ ನಮ್ಮ ಕಿವಿಗೆ ಬೀಳಲಿಲ್ಲ. ಹೊಳೆ ಎರಡು ದಡಗಳಿಗೂ ಸಮವಾಗಿ ಏರುತ್ತದೆ. ಎಚ್ಚರಿಕೆಯೂ ಹಾಗೆಯೇ ಎರಡು ದಡಗಳನ್ನೂ, ಅಲ್ಲಿನ ಮನೆಮಾತಿನಲ್ಲೇ, ಮುಟ್ಟಬೇಕು. ಇದು ಸಾಹಿತ್ಯಾಭಿಮಾನದ ಮಾತಲ್ಲ, ಜೀವದ ಮಾತು.

ಗಡಿಯ ಮಕ್ಕಳಿಗೆ ರೇಡಿಯೋ ಏನು ಮಾಡಬಲ್ಲದೆಂಬುದಕ್ಕೆ ದೂರದ ದೇಶದ್ದೊಂದು ಉದಾಹರಣೆಯುಂಟು. ಅಮೆರಿಕದ ಸಂಯುಕ್ತ ಸಂಸ್ಥಾನದ ನೈಋತ್ಯ ಭಾಗದಲ್ಲಿ ಸ್ಪ್ಯಾನಿಷ್ ಮಾತನಾಡುವವರು ಬಹು ಸಂಖ್ಯೆಯಲ್ಲಿದ್ದಾರೆ. ಅವರಲ್ಲಿ ಅನೇಕರು ಮೆಕ್ಸಿಕೋದಿಂದ ದುಡಿಯಲು ಬಂದವರು. ಆದರೆ ಕೆಲವು ಮನೆತನಗಳು ಕೂತಲ್ಲಿಂದ ಎದ್ದವೇ ಅಲ್ಲ. 1848ರ ಒಪ್ಪಂದದಿಂದ ಗಡಿಯೇ ಅವರನ್ನು ದಾಟಿಕೊಂಡು ಹೋಯಿತು, 1953ರಲ್ಲಿ ನಮ್ಮನ್ನು ದಾಟಿದ ಹಾಗೆ. ಲಾಸ್ ಏಂಜಲೀಸಿನಲ್ಲಿ ಪೆದ್ರೋ ಗೊನ್ಸಾಲೆಸ್ ಎಂಬ ಗಾಯಕ ಸುಮಾರು ನೂರು ವರ್ಷಗಳ ಹಿಂದೆ, ಇತರರಿಗೆ ಬೇಡವಾದ ಬೆಳಗಿನ ಜಾವದ ಹೊತ್ತನ್ನು ಹಿಡಿದು ಸ್ಪ್ಯಾನಿಷ್ ಕಾರ್ಯಕ್ರಮ ನಡೆಸಿದ. ಕೆಲಸಕ್ಕೆ ಹೊರಡುವ ಕೂಲಿಗಳು ಅದನ್ನು ಕೇಳುತ್ತಿದ್ದರು. ಅವರ ತಂಡಕ್ಕೆ ‘ಮುಂಜಾನೆ ಏಳುವವರು’ ಎಂಬರ್ಥದ ಹೆಸರು. 1946ರಲ್ಲಿ ಟೆಕ್ಸಾಸಿನ ಸಾನ್ ಆಂಟೋನಿಯೋದಲ್ಲಿ ರಾವುಲ್ ಕೊರ್ತೆಸ್ ಎಂಬವರು ಇಡೀ ದಿನ ಸ್ಪ್ಯಾನಿಷ್ ನುಡಿಯುವ ಕೇಂದ್ರವನ್ನೇ ಸ್ಥಾಪಿಸಿದರು. 1980ರಲ್ಲಿ ಕ್ಯಾಲಿಫೋರ್ನಿಯದ ಫ್ರೆಸ್ನೋ ಎಂಬಲ್ಲಿ ‘ರೇಡಿಯೋ ಬಿಲಿಂಗ್ವೆ’, ಅಂದರೆ ದ್ವಿಭಾಷಾ ರೇಡಿಯೋ, ಆರಂಭವಾಯಿತು. ಅದರ ಸಂವಾದ ಕಾರ್ಯಕ್ರಮದಲ್ಲಿ ಕೇಳುಗರು ಫೋನು ಮಾಡಿ ಪ್ರಶ್ನಿಸುತ್ತಾರೆ, ತಮ್ಮ ಅನುಭವವನ್ನು ಹೇಳುತ್ತಾರೆ, ವಾದಿಸುತ್ತಾರೆ. ಸ್ಪ್ಯಾನಿಷ್ ಕೂಡ ಮನೆಮಾತಲ್ಲದ ಮಿಶ್ತೆಕ್ ಜನಾಂಗದ ಕೂಲಿಗಳಿಗಾಗಿ ಅವರ ನುಡಿಯಲ್ಲಿಯೂ ಅದು ಕಾರ್ಯಕ್ರಮ ನೀಡಿತು. ನಾವು ಗಮನಿಸಬೇಕಾದ ಅಂಶ ಇದು: ಆ ಕೇಂದ್ರ ಮೆಕ್ಸಿಕೋದ ಕೇಂದ್ರವಲ್ಲ. ಮಾತು ತಾಯ್ನಾಡಿನದು, ವಿಷಯ ಇರುವ ನಾಡಿನದು. ಇಲ್ಲಿಯ ಕಾನೂನನ್ನು, ಇಲ್ಲಿಯ ಆಸ್ಪತ್ರೆಯನ್ನು, ಇಲ್ಲಿಯ ಕೂಲಿಯನ್ನು ಮನೆಮಾತಿನಲ್ಲಿ ಹೇಳುವ ದನಿ ಅದು. ನಮಗೆ ಇಲ್ಲದಿರುವುದು ಇದೇ.

ಅಷ್ಟು ದೂರಕ್ಕೆ ಹೋಗುವುದೇಕೆ ಎಂದು ಕೇಳಿದರೆ, ಹತ್ತಿರದಲ್ಲಿಯೂ ದಾರಿ ತೋರುವವರಿದ್ದಾರೆ. ನಿಜಾಮರ ಕಾಲದಲ್ಲಿ ಹೈದರಾಬಾದಿನ ಡೆಕ್ಕನ್ ರೇಡಿಯೋ ಉರ್ದುವಿನ ಜೊತೆಗೆ ತೆಲುಗು, ಮರಾಠಿ, ಕನ್ನಡಗಳಲ್ಲೂ ಮಾತನಾಡುತ್ತಿತ್ತು. 1976ರಲ್ಲಿ ಆರಂಭವಾದ ಮಂಗಳೂರು ಆಕಾಶವಾಣಿ ಕನ್ನಡದೊಡನೆ ತುಳು, ಕೊಂಕಣಿಗಳಿಗೂ ಹೊತ್ತು ಕೊಟ್ಟಿದೆ. ಒಂದು ಕೇಂದ್ರಕ್ಕೆ ಒಂದೇ ನಾಲಿಗೆ ಇರಬೇಕೆಂಬುದು ಪ್ರಕೃತಿನಿಯಮವಲ್ಲ. ಕರ್ನೂಲಿನಲ್ಲಿ ಆಕಾಶವಾಣಿಯ ಎಫ್. ಎಂ. ಕೇಂದ್ರವಿದೆ. ಜಿಲ್ಲೆಯ ಪಶ್ಚಿಮದ ಮಂಡಲಗಳಿಗಾಗಿ ಅಲ್ಲಿಂದ ದಿನಕ್ಕೆ ಅರ್ಧ ಗಂಟೆ ಕನ್ನಡ ಹೊರಟರೆ, ಆ ಅರ್ಧ ಗಂಟೆಯಲ್ಲಿ ಆದವಾನಿ ಮಾರುಕಟ್ಟೆಯ ಹತ್ತಿಯ ಧಾರಣೆ, ಕಾಲುವೆಗೆ ನೀರು ಬಿಡುವ ದಿನ, ಆಸ್ಪತ್ರೆಯ ಶಿಬಿರ, ಅರ್ಜಿಯ ಗಡುವು ಇಷ್ಟು ಬಂದರೆ ಸಾಕು.

ಎಫ್. ಎಂ. ತರಂಗ ನೇರ ಹೋಗುವ ಜಾತಿಯದು, ಬೆಟ್ಟ ಅಡ್ಡ ಬಂದರೆ ನಿಂತುಬಿಡುತ್ತದೆ. ಆದವಾನಿಯ ಸುತ್ತ ಬೆಟ್ಟಗಳಿಗೆ ಬರವಿಲ್ಲ. ಆದುದರಿಂದ ಎರಡನೆಯ ಉಪಾಯವನ್ನೂ ಯೋಚಿಸಬೇಕು. ಆಕಾಶದ ತರಂಗಗಳು ಸಾರ್ವಜನಿಕರ ಸ್ವತ್ತೆಂದು ಸರ್ವೋಚ್ಚ ನ್ಯಾಯಾಲಯ 1995ರಲ್ಲಿ ಸಾರಿತು. 2006ರ ನೀತಿಯಂತೆ ಲಾಭಕ್ಕಾಗಿ ನಡೆಯದ ಸಂಘಸಂಸ್ಥೆಗಳೂ ಸಮುದಾಯ ರೇಡಿಯೋಗೆ ಪರವಾನಗಿ ಕೇಳಬಹುದು. 100 ವಾಟ್‌ಗಳ ಶಕ್ತಿ, ಹತ್ತು ಹದಿನೈದು ಕಿಲೋಮೀಟರುಗಳ ವ್ಯಾಪ್ತಿ. ಒಂದು ಮಂಡಲಕ್ಕೆ ಅಷ್ಟು ಧಾರಾಳ. ಸ್ವಂತ ವಾರ್ತಾಪ್ರಸಾರಕ್ಕೆ ಅಲ್ಲಿ ನಿರ್ಬಂಧವಿದ್ದರೂ ಬೆಳೆ, ಆರೋಗ್ಯ, ಶಾಲೆ, ಹಾಡು, ಹಬ್ಬಗಳ ಮಾತಿಗೆ ಅಡ್ಡಿಯಿಲ್ಲ. ಈಗಿನ ತೆಲಂಗಾಣದ ಜಹೀರಾಬಾದಿನ ಬಳಿ, ನಮ್ಮ ಬೀದರಿನ ನೆರೆಯಲ್ಲಿ, ಮಾಚನೂರೆಂಬ ಹಳ್ಳಿಯಲ್ಲಿ 2008ರ ಅಕ್ಟೋಬರಿನಲ್ಲಿ ದಲಿತ ಮಹಿಳೆಯರು ‘ಸಂಘಂ ರೇಡಿಯೋ’ ಆರಂಭಿಸಿದರು. ಹೊಲಗೆಲಸದ ಹೆಂಗಸರೇ ಧ್ವನಿಮುದ್ರಣ ಕಲಿತು, ಸಿರಿಧಾನ್ಯದ ಬಿತ್ತನೆಯ ಮಾತನ್ನೂ ಊರಿನ ಪದಗಳನ್ನೂ ತಮ್ಮದೇ ನುಡಿಯಲ್ಲಿ ಗಾಳಿಗೆ ಬಿಟ್ಟರು. ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ ಈ ಶತಮಾನದ ಮೊದಲ ವರ್ಷಗಳಲ್ಲಿ, ಅಂಥ ಪರವಾನಗಿ ಹಳ್ಳಿಗರಿಗೆ ಸಿಗದಿದ್ದ ಕಾಲದಲ್ಲಿ, ‘ನಮ್ಮ ಧ್ವನಿ’ಯವರು ತಮ್ಮ ಕಾರ್ಯಕ್ರಮಗಳನ್ನು ಕೇಬಲ್ಲಿನ ಮೂಲಕ ಮನೆಮನೆಗೆ ಕಳುಹಿಸಿದರು. ಬಯಕೆ ಇದ್ದವರು ತಂತಿಯನ್ನಾದರೂ ಹುಡುಕಿಕೊಂಡರು.

ಈಗ ಎಲ್ಲರ ಜೇಬಿನಲ್ಲೂ ಮೊಬೈಲ್ ಫೋನಿದೆ, ಕನ್ನಡ ಬೇಕಾದವರು ಅದರಲ್ಲೇ ಕೇಳಬಹುದಲ್ಲ ಎಂಬ ಆಕ್ಷೇಪಣೆ ಬರಬಹುದು. ಮಧ್ಯಮ ತರಂಗದ ಅನೇಕ ಪ್ರಸಾರಯಂತ್ರಗಳನ್ನು ದೇಶದಲ್ಲಿ ನಿಲ್ಲಿಸಿರುವ ಈ ದಿನಗಳಲ್ಲಿ ರೇಡಿಯೋದ ಮಾತೇಕೆ ಎಂದೂ ಕೇಳಬಹುದು. ಫೋನಿನಲ್ಲಿ ಬರುವ ಕನ್ನಡವೂ ಬೆಂಗಳೂರಿನದೇ. ದೂರ ಕಡಿಮೆಯಾಗಿದೆ, ವಿಷಯ ಬದಲಾಗಿಲ್ಲ. ಹಿಂದೆ ಗೊರಗೊರ ಸದ್ದಿನೊಳಗೆ ನಮಗೆ ಸಲ್ಲದ ಸುದ್ದಿ ಕೇಳುತ್ತಿದ್ದೆವು, ಈಗ ಅದನ್ನೇ ಶುಭ್ರವಾಗಿ ಕೇಳುತ್ತೇವೆ.

ಇನ್ನೊಂದು ಸಂಗತಿಯನ್ನು ಮರೆಯಬಾರದು. ಆದವಾನಿಯ ಹತ್ತಿ ಮಾರುಕಟ್ಟೆಗೆ ಗಡಿಯಾಚೆಯ ಕನ್ನಡ ರೈತರೂ ಮಾಲು ತರುತ್ತಾರೆ. ಹೊಸಪೇಟೆಯ ಅಣೆಕಟ್ಟಿನಿಂದ ಹೊರಟ ತುಂಗಭದ್ರೆಯ ಕೆಳದಂಡೆ ಕಾಲುವೆ ಬಳ್ಳಾರಿಯ ಹೊಲಗಳನ್ನು ತಣಿಸಿ ನಮ್ಮಲ್ಲಿಗೂ ಹರಿಯುತ್ತದೆ. ನೀರು ಆ ಕಡೆಯಿಂದ ಈ ಕಡೆಗೆ, ಹತ್ತಿ ಗಾಡಿಗಳೂ ಆ ಕಡೆಯಿಂದ ಈ ಕಡೆಗೆ. ಮಾತು ಮಾತ್ರ ಈ ಕಡೆಯಿಂದ ಆ ಕಡೆಗೆ ಏಕೆ ಹೋಗಬಾರದು? ಆದವಾನಿಯಲ್ಲಿ ಕನ್ನಡದ ದನಿಯೊಂದು ಎದ್ದರೆ ಸಿರುಗುಪ್ಪದ ರೈತನೂ ಬೆಳಿಗ್ಗೆ ಗಾಡಿ ಹೂಡುವ ಮೊದಲು ಅದಕ್ಕೆ ಕಿವಿಗೊಡುತ್ತಾನೆ. ಅವನ ಲಾಭನಷ್ಟ ಅದರಲ್ಲಿದೆ. ಎಪ್ಪತ್ತು ವರ್ಷಗಳಿಂದ ಕರ್ನಾಟಕದ ಮಾತನ್ನು ಕೇಳಿಕೊಂಡು ಬಂದ ನಾವು ಕರ್ನಾಟಕಕ್ಕೆ ಕೇಳುವಂಥ ಮಾತನ್ನು ಆಡುವ ಕಾಲ ಬರುವುದು ಹೀಗೆ.

ಇದಕ್ಕೆ ಯಾರ ಮೇಲೂ ಕತ್ತಿ ಹಿರಿಯಬೇಕಾಗಿಲ್ಲ, ಗಡಿಯನ್ನು ಅಳಿಸಬೇಕಾಗಿಯೂ ಇಲ್ಲ. ನಮ್ಮಂಥ ಸಂಘಗಳು ಮಾಡಬಹುದಾದ ಕೆಲಸ ಚಿಕ್ಕದು. ಪ್ರತಿ ಹಳ್ಳಿಯಲ್ಲಿಯೂ ಜನ ತಿಳಿಯಬೇಕೆಂದು ಬಯಸುವ ಹತ್ತು ಪ್ರಶ್ನೆಗಳನ್ನು ಬರೆಸಿಕೊಳ್ಳೋಣ. ಪ್ರಶ್ನೆ ಕನ್ನಡದಲ್ಲಿರಲಿ, ಅದನ್ನು ಕೇಳಿದವರ ಊರಿನ ಹೆಸರೂ ಇರಲಿ. ಅವನ್ನು ಕಟ್ಟು ಕಟ್ಟಿ ಕರ್ನೂಲಿನ ಕೇಂದ್ರಕ್ಕೂ ಜಿಲ್ಲಾಧಿಕಾರಿಗಳಿಗೂ ಒಪ್ಪಿಸೋಣ. ಅರ್ಧ ಗಂಟೆ ಕೊಡಿ ಎಂದು ಬರಿಯ ಬೇಡಿಕೆ ಸಲ್ಲಿಸಿದರೆ ಅದು ಕಡತದಲ್ಲಿ ಮಲಗುತ್ತದೆ. ಉತ್ತರ ಬೇಡುವ ಸಾವಿರ ಪ್ರಶ್ನೆಗಳು ಮೇಜಿನ ಮೇಲೆ ಬಿದ್ದರೆ ಅವು ಯಾರನ್ನೂ ಸುಮ್ಮನೆ ಕೂರಗೊಡುವುದಿಲ್ಲ. ಕೌತಾಳ, ಕೋಸಿಗಿಗಳ ವಾಚಕರು ತಮ್ಮ ಊರಿನ ಪ್ರಶ್ನೆಗಳನ್ನು ಯುಗಾದಿಯೊಳಗಾಗಿ ಸಂಘದ ಕಾರ್ಯದರ್ಶಿಗಳಿಗೆ ಕಳುಹಿಸಿಕೊಡಬೇಕೆಂದು ಪ್ರಾರ್ಥಿಸುತ್ತೇವೆ.